ಎಕ್ಸ್‌ರೇಗೂ ಮೊದಲು ಕಾಲು ತಿರುಗಿಸುವುದೇಕೆ?

ಪ್ರಶ್ನೆ: ಡಾಕ್ಟರೇ, ಅವ್ವನಿಗೆ 58 ವರ್ಷ. ಭತ್ತದ ನಾಟಿಗೆ ಹೋಗುತ್ತಾಳೆ. ಈಗ ಟೊಂಕ ನೋವು. ಇಲ್ಲಿನ ಡಾಕ್ಟರು ಸ್ಕ್ಯಾನ್ ಬರೆಯದೆ ಕಾಲು ಮಡಚಿ, ತಿರುಗಿಸಿ, ಒಂಟಿಕಾಲಲ್ಲಿ ನಿಲ್ಲಿಸಿ ನೋಡಿದರು. ಅಷ್ಟು ಸಾಕಾ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಅವರು ಸರಿಯಾಗಿಯೇ ಶುರು ಮಾಡಿದ್ದಾರೆ. ನೋವು ಬೆನ್ನಿನದೋ, ತೊಡೆ ಕೀಲಿನದೋ ಮೊದಲು ತಿಳಿಯಬೇಕು ಅಲ್ವಾ? ಮಲಗಿಸಿ, ಮೊಣಕಾಲು ಮಡಚಿ, ಪಾದವನ್ನು ಹೊರಕ್ಕೆ ಸರಿಸಿದರೆ ತೊಡೆ ಒಳಕ್ಕೆ ತಿರುಗುತ್ತದೆ. ಕೀಲು ಸವೆದಿದ್ದರೆ ಅದು ಅಷ್ಟಾಗಿ ತಿರುಗುವುದಿಲ್ಲ, ತೊಡೆಸಂದಿನಲ್ಲಿ ನೋವಾಗುತ್ತದೆ. ನಾನು ಜಾಸ್ತಿ ನಂಬುವುದು ಇದನ್ನೇ. ಪಾದವನ್ನು ಇನ್ನೊಂದು ಮೊಣಕಾಲ ಮೇಲಿಟ್ಟು ಮಂಡಿಯನ್ನು ಮೆಲ್ಲಗೆ ಕೆಳಕ್ಕೆ ಒತ್ತುವುದು ಫೇಬರ್ ಪರೀಕ್ಷೆ. ಆಗ ನೋವು ತೊಡೆಸಂದಿನಲ್ಲಿ ಬಂದರೆ ತೊಡೆ ಕೀಲಿನ ಮೇಲೆ ಅನುಮಾನ. ಹಿಂದುಗಡೆ ಬಂದರೆ ಬೆನ್ನಿನ ಬುಡದ ಕೀಲನ್ನು ನೋಡಬೇಕು. ಒಂಟಿಕಾಲಲ್ಲಿ ನಿಂತಾಗ ಎತ್ತಿದ ಕಾಲಿನ ಕಡೆ ಟೊಂಕ ಕೆಳಗಿಳಿದರೆ, ನಿಂತ ಕಾಲಿನ ಕಡೆಯ ಸ್ನಾಯು ಸೋತಿದೆ ಎಂದು ತಿಳಿಯಬಹುದು. ಕಾಲು ನೇರವಾಗಿ ಎತ್ತಿದಾಗ ನೋವು ಮೊಣಕಾಲು ದಾಟಿ ಇಳಿದರೆ ಬೆನ್ನಿನ ನರದ ತೊಂದರೆ ಇರಬಹುದು.

ಯಾವ ಪರೀಕ್ಷೆಯೂ ಒಂದೇ ಸಾಲದು, ಎಲ್ಲ ಸೇರಿಸಿ ನೋಡಬೇಕು. ಕೀಲಿನ ಅನುಮಾನ ಬಂದರೆ ಮೊದಲು ಎಕ್ಸ್‌ರೇ ಸಾಕು. ಸುಮ್ನೆ ಸ್ಕ್ಯಾನಿಗೆ ದುಡ್ಡು ಹಾಕಬೇಡಿ. ಆದರೆ ಅವ್ವ ಬಿದ್ದಿದ್ದರೆ, ಜ್ವರ ಇದ್ದರೆ, ಕಾಲೂರಲು ಆಗದಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿ ನೀವೇ ಕಾಲು ತಿರುಗಿಸಿ ನೋಡಬೇಡಿ.