ಎತ್ತರ ಕಡಿಮೆ ಇರುವ ಕಲಬುರಗಿಯ ಹುಡುಗ ವೃತ್ತಿಪರ ಮಿಡ್‌ಫೀಲ್ಡರ್ ಆಗಬಹುದೇ?

ಅಕ್ಕಾ, ಎತ್ತರದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ: ಅದೊಂದೇ ಕಾರಣಕ್ಕೆ ಮಗನ ಆಟ ಬಿಡಿಸಬೇಡಿ. ಹುಡುಗ ಎಂಟನೇ ತರಗತಿ, ಶಾಲಾ ಫುಟ್‌ಬಾಲ್ ತಂಡದಲ್ಲಿ ಮಿಡ್‌ಫೀಲ್ಡರ್ (ಮೈದಾನದ ನಡುಭಾಗದಲ್ಲಿ ಆಡುವವನು), ಓರಗೆಯವರಿಗಿಂತ ಗೇಣುದ್ದ ಕಡಿಮೆ, ಆಯ್ಕೆಗೆ ಹೋದಲ್ಲಿ ‘ಇನ್ನೂ ಚಿಕ್ಕವನು’ ಎಂದು ಹಿಂದಕ್ಕೆ ಕಳುಹಿಸಿದರು ಎಂದು ಬರೆದಿದ್ದೀರಿ. ಕಲಬುರಗಿಯಿಂದ ಈ ವೃತ್ತಿಗೆ ದಾರಿ ಇದೆಯೇ, ಇದ್ದರೆ ಆ ಬದುಕು ಹೇಗಿರುತ್ತದೆ ಎಂದು ಕೇಳಿದ್ದೀರಿ. ನಾನು ಇದೇ ಊರಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಓದುವ ಕಾಲದಲ್ಲಿ ವಿಶ್ವವಿದ್ಯಾಲಯದ ತಂಡದಲ್ಲಿ ನಿಮ್ಮ ಮಗ ಆಡುವ ಜಾಗದಲ್ಲೇ ಆಡಿದವನು. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಮಾಧಾನವಾಗಿ ಓದಿ.

ಕ್ರೊಯೇಷಿಯಾದ ಲೂಕಾ ಮೋಡ್ರಿಚ್ ಅವರ ವೃತ್ತಿಜೀವನವನ್ನು ನಿಮ್ಮ ಮಗನಿಗೆ ಒಮ್ಮೆ ಪೂರ್ತಿ ಹೇಳಿ. ಅವರು ಹುಟ್ಟಿದ್ದು 1985ರಲ್ಲಿ. 1991ರಲ್ಲಿ, ಕ್ರೊಯೇಷಿಯಾದ ಸ್ವಾತಂತ್ರ್ಯ ಯುದ್ಧದ ವೇಳೆ, ಅವರ ಅಜ್ಜನ ಕೊಲೆಯಾಯಿತು. ಮೊಮ್ಮಗನಿಗಿದ್ದದ್ದು ಆ ಅಜ್ಜನ ಹೆಸರೇ. ಊರು ತೊರೆದ ಕುಟುಂಬ ಝದಾರ್ ನಗರದ ಹೋಟೆಲುಗಳಲ್ಲಿ ನಿರಾಶ್ರಿತರಾಗಿ ವರ್ಷಗಟ್ಟಲೆ ಇತ್ತು. ಹೋಟೆಲಿನ ಮುಂದೆ ವಾಹನ ನಿಲ್ಲಿಸುವ ಜಾಗವೇ ಹುಡುಗನ ಮೈದಾನ. ಆ ಭಾಗದ ದೊಡ್ಡ ಕ್ಲಬ್ ಹೈದುಕ್ ಸ್ಪ್ಲಿಟ್ ಅವರನ್ನು ಸಣಕಲ ಎಂದು ತೆಗೆದುಕೊಳ್ಳಲಿಲ್ಲ. ಹದಿಹರೆಯದಲ್ಲಿ ಡೈನಮೊ ಝಾಗ್ರೆಬ್ ಸೇರಿದರು, ಅಲ್ಲಿಯೂ ಮೊದಲ ತಂಡದ ಬಾಗಿಲು ಕೂಡಲೇ ತೆರೆಯಲಿಲ್ಲ. 2003ರಲ್ಲಿ ಅವರನ್ನು ಬೋಸ್ನಿಯಾದ ಝ್ರಿನ್‌ಸ್ಕಿ ಮೋಸ್ತಾರ್ ತಂಡಕ್ಕೆ ಎರವಲು ಕೊಟ್ಟರು. ಮೈಮೇಲೆ ಬೀಳುವ ಆಟಕ್ಕೆ ಹೆಸರಾದ ಲೀಗ್ ಅದು. ಹದಿನೆಂಟರ ಆ ಸಣ್ಣ ಹುಡುಗ ಅಲ್ಲಿ ವರ್ಷದ ಶ್ರೇಷ್ಠ ಆಟಗಾರನೆನಿಸಿಕೊಂಡ. ಮುಂದಿನ ಋತುವಿನಲ್ಲಿ ಮತ್ತೊಂದು ಸಣ್ಣ ತಂಡಕ್ಕೆ ಎರವಲು. 2008ರಲ್ಲಿ ಇಂಗ್ಲೆಂಡಿನ ಟಾಟನ್‌ಹ್ಯಾಮ್, 2012ರಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್. ಮ್ಯಾಡ್ರಿಡ್‌ನಲ್ಲಿ ಮೊದಲ ವರ್ಷವೇ ಪತ್ರಿಕೆಯೊಂದರ ಓದುಗರು ಅವರನ್ನು ಆ ಋತುವಿನ ಅತಿ ಕೆಟ್ಟ ಖರೀದಿ ಎಂದು ಮತ ಹಾಕಿ ಸಾರಿದರು. ಆಗ ಅವರ ವಯಸ್ಸು 27.

ಅದಾದ ಮೇಲಿನದು ಬಹಳ ಮಂದಿಗೆ ಗೊತ್ತು. ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ 2014ರ ಫೈನಲ್‌ನಲ್ಲಿ ತಂಡ ಸೋಲುವ ಅಂಚಿನಲ್ಲಿದ್ದಾಗ, 93ನೇ ನಿಮಿಷದಲ್ಲಿ ಸೆರ್ಜಿಯೊ ರಾಮೋಸ್ ತಲೆಯಿಂದ ಹೊಡೆದ ಗೋಲಿಗೆ ಕಾರ್ನರ್ (ಮೈದಾನದ ಮೂಲೆಯಿಂದ ಚೆಂಡು) ಒದ್ದು ಕೊಟ್ಟವರು ಇವರೇ. 2018ರಲ್ಲಿ ಕ್ರೊಯೇಷಿಯಾವನ್ನು ವಿಶ್ವಕಪ್ ಫೈನಲ್‌ವರೆಗೆ ಕೊಂಡೊಯ್ದರು. ಫ್ರಾನ್ಸ್ ಎದುರು 4–2ರಿಂದ ಸೋತರೂ ಟೂರ್ನಿಯ ಶ್ರೇಷ್ಠ ಆಟಗಾರ ಅವರೇ ಆದರು. ಹತ್ತು ವರ್ಷ ಮೆಸ್ಸಿ ಮತ್ತು ರೊನಾಲ್ಡೊ ಇಬ್ಬರೇ ಹಂಚಿಕೊಂಡಿದ್ದ, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಪ್ರಶಸ್ತಿ ಆ ವರ್ಷ 33ರ ಮೋಡ್ರಿಚ್ ಕೈಗೆ ಬಂತು. 2025ರಲ್ಲಿ ಮ್ಯಾಡ್ರಿಡ್ ಬಿಡುವಾಗ ಆರು ಚಾಂಪಿಯನ್ಸ್ ಲೀಗ್ ಸೇರಿ 28 ಪ್ರಶಸ್ತಿಗಳು. ಅಲ್ಲಿಗೂ ನಿಲ್ಲಿಸದೆ ಇಟಲಿಯ ಎಸಿ ಮಿಲಾನ್‌ಗೆ ಆಡಲು ಹೋದರು. ಎತ್ತರ 172 ಸೆಂಟಿಮೀಟರ್.

ಇಸವಿಗಳನ್ನು ಬೇಕೆಂದೇ ಇಷ್ಟು ಬರೆದೆ. ಹುಡುಗನಾಗಿದ್ದಾಗ ಬೇಡವೆನಿಸಿಕೊಂಡವರಿಗೆ ಶಿಖರ ಸಿಕ್ಕಿದ್ದು ಮೂವತ್ತಮೂರರಲ್ಲಿ. ಮೈದಾನದ ಅಂಚಿನಲ್ಲಿ ಆಡುವ, ಓಟದ ವೇಗವನ್ನೇ ನಂಬಿದ ಆಟಗಾರ ಮೂವತ್ತರ ಹೊತ್ತಿಗೆ ಸೊರಗುತ್ತಾನೆ. ಮಿಡ್‌ಫೀಲ್ಡರ್ ಹಣ್ಣಾಗುವುದೇ ತಡವಾಗಿ, ಬಾಳಿಕೆಯೂ ಹೆಚ್ಚು. ಹೀಗಿರುವಾಗ ಎಂಟನೇ ತರಗತಿಯಲ್ಲಿ ತೀರ್ಪು ಕೊಡುವುದು ಅನ್ಯಾಯ. ಒಂದೇ ವರ್ಷ ಹುಟ್ಟಿದ ಇಬ್ಬರು ಹುಡುಗರ ಮೂಳೆಯ ಬೆಳವಣಿಗೆಯಲ್ಲಿ ಆ ವಯಸ್ಸಿನಲ್ಲಿ ಎರಡು ಮೂರು ವರ್ಷಗಳ ಅಂತರವಿರಬಹುದು. ದಾಖಲೆಯಲ್ಲಿ ವಯಸ್ಸು ಇಳಿಸಿಕೊಂಡು ಬರುವವರು ಬೇರೆ. ನಿಜವಾದ ವಯಸ್ಸಿನ ಹುಡುಗ ಅಂಥವರ ನಡುವೆ ಚಿಕ್ಕವನಾಗಿಯೇ ಕಾಣುತ್ತಾನೆ. ಈ ವರ್ಷದ ಕಪ್ ಗೆಲ್ಲಲು ಮೀಸೆ ಚಿಗುರಿದವರನ್ನೇ ಆರಿಸುವ ಆಯ್ಕೆಗಾರರ ಮೇಲೆ ನನಗೆ ನಿಜವಾದ ಸಿಟ್ಟಿದೆ. ಎಷ್ಟು ಒಳ್ಳೆಯ ಹುಡುಗರು ಆ ಕಾರಣಕ್ಕೇ ಚೆಂಡು ಬಿಟ್ಟು ಹೋಗುವುದನ್ನು ನೋಡುತ್ತಿದ್ದೇನೆ.

ಇನ್ನೊಂದು ಹೆಸರು, ತಾಯಂದಿರಿಗಾಗಿಯೇ: ಫ್ರಾನ್ಸ್‌ನ ಎನ್‌ಗೋಲೊ ಕಾಂಟೆ. 168 ಸೆಂಟಿಮೀಟರ್. ಇಪ್ಪತ್ತೊಂದು ತುಂಬಿದ ಮೇಲೂ ಫ್ರಾನ್ಸ್‌ನ ಮೂರನೇ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದರು. ಆಟದ ಜೊತೆಗೇ ಲೆಕ್ಕಪತ್ರದ ಡಿಪ್ಲೊಮಾ ಓದಿ ಮುಗಿಸಿದ್ದರು. 2016ರಲ್ಲಿ ಲೆಸ್ಟರ್ ಜೊತೆ, 2017ರಲ್ಲಿ ಚೆಲ್ಸಿ ಜೊತೆ ಇಂಗ್ಲೆಂಡಿನ ಲೀಗ್ ಗೆದ್ದರು, 2018ರಲ್ಲಿ ವಿಶ್ವಕಪ್. ಓದು ಬಿಟ್ಟರೆ ಮಾತ್ರ ಆಟ ಬರುತ್ತದೆ ಎಂದು ಯಾರಾದರೂ ನಿಮಗೆ ಹೇಳಿದರೆ ಕಾಂಟೆ ಹೆಸರು ಹೇಳಿ.

ಎತ್ತರ ಯಾಕೆ ಅಷ್ಟು ಮುಖ್ಯವಲ್ಲ ಎಂಬುದು ಆ ಜಾಗದ ಕೆಲಸ ಗೊತ್ತಾದರೆ ತಾನೇ ತಿಳಿಯುತ್ತದೆ. 90 ನಿಮಿಷಗಳಲ್ಲಿ ಮಿಡ್‌ಫೀಲ್ಡರ್ 10ರಿಂದ 12 ಕಿಲೋಮೀಟರ್ ಓಡುತ್ತಾನೆ, ಆದರೆ ಚೆಂಡು ಅವನ ಕಾಲಲ್ಲಿರುವುದು ಎಲ್ಲ ಸೇರಿ ಕೆಲವೇ ನಿಮಿಷ. ರಕ್ಷಣಾ ಆಟಗಾರನಿಗೆ ಆಟವೆಲ್ಲ ಕಣ್ಣೆದುರೇ ಇರುತ್ತದೆ. ಇವನಿಗೆ ಎದುರಾಳಿ ಬೆನ್ನ ಹಿಂದಿನಿಂದಲೂ ಬರುತ್ತಾನೆ. ಚೆಂಡು ಬಂದ ಮೇಲೆ ಯೋಚಿಸಲು ಸಮಯವಿಲ್ಲ, ಬರುವ ಮೊದಲೇ ಸುತ್ತ ನೋಡಿಟ್ಟುಕೊಂಡಿರಬೇಕು. ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಟಗಾರರ ದೃಶ್ಯಗಳನ್ನು ಹತ್ತಿರದಿಂದ ನೋಡಿ, ಚೆಂಡು ಸಿಗುವ ಮೊದಲಿನ ಕ್ಷಣಗಳಲ್ಲಿ ಯಾರು ಎಷ್ಟು ಸಲ ತಲೆ ತಿರುಗಿಸಿ ನೋಡುತ್ತಾರೆ ಎಂದು ಎಣಿಸಿದರು. ಹೆಚ್ಚು ನೋಡಿದವರ ಪಾಸ್‌ಗಳು ಹೆಚ್ಚು ಗುರಿ ಮುಟ್ಟಿದ್ದವು. ಇಂಗ್ಲೆಂಡಿನ ಹೆಸರಾಂತ ಮಿಡ್‌ಫೀಲ್ಡರ್‌ಗಳಾದ ಫ್ರ್ಯಾಂಕ್ ಲ್ಯಾಂಪಾರ್ಡ್, ಸ್ಟೀವನ್ ಜೆರಾರ್ಡ್ ಇಬ್ಬರೂ ಆ ಪಟ್ಟಿಯಲ್ಲಿ ಮೇಲಿದ್ದರು. ತರಕಾರಿ ಮಾರುಕಟ್ಟೆಯ ಗದ್ದಲದಲ್ಲಿ ಸ್ಕೂಟರ್ ಓಡಿಸುವವನು ಕನ್ನಡಿ ನೋಡುವಂತೆ ಇದು. ಚೆನ್ನಾಗಿ ರೂಢಿಯಾದವನಿಗೆ ತಾನು ನೋಡುತ್ತಿದ್ದೇನೆ ಎಂಬ ಅರಿವೂ ಇರುವುದಿಲ್ಲ.

ಈ ರೂಢಿಯನ್ನು ನಮ್ಮೂರಲ್ಲೇ, ಹಣ ಖರ್ಚಿಲ್ಲದೆ ಮಾಡಿಸಬಹುದು. ಶಹಾಬಾದ್ ಕಲ್ಲಿನ ಗೋಡೆ ಯಾವ ಓಣಿಯಲ್ಲಿ ಇಲ್ಲ ಹೇಳಿ. ಮಗ ಗೋಡೆಗೆ ಚೆಂಡು ಒದೆಯಲಿ. ಗೆಳೆಯನೊಬ್ಬ ಬೆನ್ನ ಹಿಂದೆ ನಿಂತು ಬೆರಳು ಎತ್ತಲಿ. ಚೆಂಡು ವಾಪಸ್ ಬರುವಷ್ಟರಲ್ಲಿ ತಿರುಗಿ ನೋಡಿ ಎಷ್ಟು ಬೆರಳು ಎಂದು ಹೇಳಬೇಕು, ಹೇಳುತ್ತಲೇ ಚೆಂಡನ್ನು ಹತೋಟಿಗೆ ತೆಗೆದುಕೊಳ್ಳಬೇಕು. ಬಲಗಾಲಿಗೆ ಎಷ್ಟೋ ಎಡಗಾಲಿಗೂ ಅಷ್ಟೇ. ನಮ್ಮ ಕಪ್ಪು ಮಣ್ಣಿನ ಮೈದಾನಗಳು ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಗಾಲದಲ್ಲಿ ಬೂಟಿಗೆ ಮೆತ್ತಿಕೊಂಡು ಕಾಡುತ್ತವೆ, ನಿಜ. ಆದರೆ ಚೆಂಡು ಎತ್ತ ಪುಟಿಯುತ್ತದೋ ತಿಳಿಯದ ನೆಲದಲ್ಲಿ ಕಲಿತವನ ಮೊದಲ ಸ್ಪರ್ಶ ಹುಲ್ಲಿನ ಮೇಲೆ ಬಹಳ ಮೃದುವಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿಯ ಬಿಸಿಲಲ್ಲಿ ಮಾತ್ರ ಆಡಿಸಬೇಡಿ. ಬೆಳಗ್ಗೆ ಆರಕ್ಕೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಕಡೆ ಕಳುಹಿಸಿ, ಬಿಸಿಲೇರುವ ಮೊದಲು ಮನೆಗೆ ಕರೆಸಿಕೊಳ್ಳಿ. ಪೌಡರ್ ಡಬ್ಬಿಗಳಿಗೆ ದುಡ್ಡು ಸುರಿಯಬೇಡಿ. ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ, ಹಾಲು, ತಿನ್ನುವವರಾದರೆ ಮೊಟ್ಟೆ ಸಾಕು.

ಈಗ ವೃತ್ತಿಯ ಮಾತು. ಇದನ್ನು ಸಿಹಿ ಲೇಪಿಸಿ ಹೇಳಲಾರೆ. ಭಾರತದಲ್ಲಿ ಫುಟ್‌ಬಾಲ್ ಆಡಿ ಬದುಕುವವರು ಕಡಿಮೆ. 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್ ಒಳ್ಳೆಯ ಸಂಬಳದ ದಾರಿ ತೆರೆಯಿತು, ಆದರೆ 2025ರಲ್ಲಿ ಒಪ್ಪಂದದ ಗೊಂದಲದಿಂದ ಹೊಸ ಋತುವೇ ತೂಗುಯ್ಯಾಲೆಯಲ್ಲಿ ನಿಂತಿತು. ಆಟಗಾರರ ಸಂಬಳಕ್ಕೂ ಅದರ ಬಿಸಿ ತಟ್ಟಿತು. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. 2021–22ರ ಲೀಗ್ ಟ್ರೋಫಿ ಗೆದ್ದ ಹೈದರಾಬಾದ್ ಕ್ಲಬ್ ಕೂಡ 2025ರಲ್ಲಿ ದೆಹಲಿಗೆ ಹೊರಟುಹೋಯಿತು. ನನಗೆ ಇದು ನಮ್ಮ ಭಾಗಕ್ಕೇ ಆದ ನಷ್ಟವೆನಿಸುತ್ತದೆ. ಈ ಭಾಗ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಮುಂಬೈನ ಪ್ರಸಿದ್ಧ ಟೂರ್ನಿ ರೋವರ್ಸ್ ಕಪ್ ಗೆದ್ದಾಗ ಅದು ನಮ್ಮ ರಾಜಧಾನಿಯ ತಂಡ. ಅದರ ತರಬೇತುದಾರ ಸಯ್ಯದ್ ಅಬ್ದುಲ್ ರಹೀಂ ಅವರೇ ಭಾರತ ತಂಡವನ್ನು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಒಯ್ದವರು. ಆ ತಂಡದ ನಡುಸಾಲಿನಲ್ಲಿ ಹೈದರಾಬಾದಿನ ನೂರ್ ಮಹಮ್ಮದ್ ಇದ್ದರು, ಬೆಂಗಳೂರಿನ ಕೆಂಪಯ್ಯ ಇದ್ದರು. ರಾಜ್ಯ ತಂಡದ ಸುದ್ದಿ ಈಚೆಗೆ ಚೆನ್ನಾಗಿದೆ: 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಕರ್ನಾಟಕ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು.

ವೃತ್ತಿಜೀವನ ಸಾಮಾನ್ಯವಾಗಿ ಹದಿನೆಂಟು, ಇಪ್ಪತ್ತಕ್ಕೆ ಶುರುವಾಗಿ ಮೂವತ್ತೆರಡು, ಮೂವತ್ತನಾಲ್ಕಕ್ಕೆ ಮುಗಿಯುತ್ತದೆ. ಮೊಣಕಾಲಿನ ಒಂದು ಗಾಯಕ್ಕೆ ಪೂರ್ತಿ ಋತು ಹೋಗಬಹುದು. ಒಪ್ಪಂದ ಒಂದೋ ಎರಡೋ ಮೂರೋ ವರ್ಷದ್ದು. ಹಾಗಾಗಿ ಪದವಿ ಆಗಲೇಬೇಕು. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಪ್ರಮಾಣಪತ್ರಕ್ಕೆ ಮುಂದೆ ರೈಲ್ವೆ, ಪೊಲೀಸ್ ಮೊದಲಾದ ಇಲಾಖೆಗಳ ಕ್ರೀಡಾ ಕೋಟಾದಲ್ಲಿ ಬೆಲೆಯಿದೆ, ತರಬೇತುದಾರರ ಲೈಸೆನ್ಸ್ ಓದಲೂ ಅದು ನೆರವಾಗುತ್ತದೆ.

ಸದ್ಯ ಮಾಡಬೇಕಾದದ್ದು ಇಷ್ಟು. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲಾತಿ ಮೂರರಲ್ಲೂ ಹೆಸರು ಮತ್ತು ಹುಟ್ಟಿದ ದಿನ ಒಂದೇ ಇವೆಯೇ ನೋಡಿ, ಇಲ್ಲದಿದ್ದರೆ ಈ ವರ್ಷವೇ ಸರಿಪಡಿಸಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ನೋಂದಣಿಗೆ ಇವು ಬೇಕು, ಮೂಳೆ ಪರೀಕ್ಷೆಯಲ್ಲಿ ವಯಸ್ಸು ನೋಡುವ ಕಡೆ ನಿಜವಾದ ವಯಸ್ಸಿನ ಹುಡುಗನಿಗೇ ಲಾಭ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ಕ್ರೀಡಾ ವಸತಿ ನಿಲಯದ ಆಯ್ಕೆ ಯಾವಾಗ, ಯಾವ ವಯಸ್ಸಿಗೆ ಎಂದು ಕೇಳಿ. ಶಾಲಾ ಕ್ರೀಡಾಕೂಟದಲ್ಲಿ ವಲಯ, ತಾಲ್ಲೂಕು, ಜಿಲ್ಲೆ ದಾಟಿದರೆ ಕಲಬುರಗಿ ವಿಭಾಗ ಮಟ್ಟ, ಅಲ್ಲಿಂದ ರಾಜ್ಯ ಮಟ್ಟ. ಈ ಸಲ ಆಗದಿದ್ದರೆ 17 ವರ್ಷದೊಳಗಿನವರ ವಿಭಾಗ ಇನ್ನೂ ಬಾಕಿಯಿದೆ. ದೊಡ್ಡ ಹೆಸರಿನ ಅಕಾಡೆಮಿ ಎಂದು ಮುಂಗಡ ಕೇಳುವವರಿಗೆ ಹಣ ಕೊಡುವ ಮುನ್ನ, ಅಲ್ಲಿನ ಯಾವ ಹುಡುಗ ಯಾವ ಕ್ಲಬ್ಬಿನ ಯುವ ತಂಡದಲ್ಲಿ ನೋಂದಣಿಯಾಗಿದ್ದಾನೆ ಎಂದು ಹೆಸರು ಸಮೇತ ಕೇಳಿ. ಉತ್ತರ ಬರದಿದ್ದರೆ ಎದ್ದು ಬನ್ನಿ.