ಬಡಾವಣೆಯ ಉಚಿತ ವೀಣಾ ಕಛೇರಿ: ಮೈಕ್ ಬೇಕೇ, ಸಂಭಾವನೆ ಹೇಗೆ?

60 ಜನ ಕೂರುವ ಹಾಲಿನಲ್ಲಿ ತಿಂಗಳಿಗೊಂದು ಉಚಿತ ಕಛೇರಿ, ಮೊದಲನೆಯದು ವೀಣೆ, ಮೈಕ್ ಬೇಕೇ, ಕಲಾವಿದರಿಗೆ ಹೇಗೆ ಕೊಡುವುದು ಅಂತ ಕೇಳಿದ್ದೀರಿ.

ಮೈಕ್ ಬೇಡ. ಆದರೆ ಫ್ಯಾನ್ ನಿಲ್ಲಿಸಲೇಬೇಕು. ತಂತಿಯನ್ನು ಎಳೆದು ಬಿಡುವಾಗ ಕೊನೆಗೆ ಉಳಿಯುವ ಆ ಸಣ್ಣ ನಾದವೇ ವೀಣೆಯ ಜೀವ, ಫ್ಯಾನಿನ ಸದ್ದು ಮೊದಲು ನುಂಗುವುದು ಅದನ್ನೇ. ಫ್ಯಾನ್ ಇಲ್ಲದೆ ಸೆಕೆಯಾಗದಿರಲಿ ಅಂತ ಸಂಜೆ 6ರ ಮೇಲೆ ಇಟ್ಟುಕೊಳ್ಳಿ. ಕಲಾವಿದರನ್ನು ಉದ್ದನೆಯ ಗೋಡೆಯ ನಡುವೆ ಕೂರಿಸಿ, ಸುತ್ತ ಜಮಖಾನ ಹಾಸಿ, ಹಿಂದೆ ಮಂಡಿನೋವಿನವರಿಗೆ 15 ಕುರ್ಚಿ ಹಾಕಿ. ಆಗ ಯಾರೂ ತೀರಾ ದೂರ ಆಗುವುದಿಲ್ಲ.

ಎಡವಟ್ಟಾಗುವುದು ಮೃದಂಗದಲ್ಲಿ. ಮೈಕ್ ಇರುವುದಿಲ್ಲ ಅಂತ ಮೃದಂಗ ನುಡಿಸುವವರಿಗೆ ಫೋನಿನಲ್ಲೇ ಹೇಳಿಬಿಡಿ, ಇಲ್ಲದಿದ್ದರೆ ವೀಣೆ ಮುಳುಗುತ್ತದೆ. ಮೃದಂಗದ ಎಡ ಮುಚ್ಚಿಗೆಗೆ, ಅಂದರೆ ಎಡಬದಿಯ ಚರ್ಮಕ್ಕೆ, ರವೆ ಕಲಸಿ ಹಚ್ಚಿ ಶ್ರುತಿ ಮಾಡಲು ಸಮಯ ಬೇಕು. 45 ನಿಮಿಷ ಮೊದಲೇ ಕರೆಸಿ, ಒಂದು ಲೋಟ ನೀರು, ಒರೆಸಲು ಬಟ್ಟೆ ಇಡಿ. ನಡುವೆ ಏಸಿ ಹಾಕಿದರೆ ಚರ್ಮ, ತಂತಿ ಎರಡರ ಶ್ರುತಿಯೂ ಜಾರುತ್ತದೆ. ವೀಣೆಯ 24 ಮೆಟ್ಟಿಲುಗಳು (ತಂತಿಯ ಕೆಳಗಿನ ಲೋಹದ ಪಟ್ಟಿಗಳು) ಕೂತಿರುವುದು ಮೇಣದ ಮೇಲೆ, ಬಿಸಿಲು ಬೀಳುವ ಕಿಟಕಿಯ ಪಕ್ಕ ಇಡಲೇಬೇಡಿ.

ಉಚಿತ ಅನ್ನುವುದು ಕೇಳುಗರಿಗೆ ಮಾತ್ರ. ಬಾಗಿಲ ಬಳಿಯ ಹುಂಡಿಯನ್ನು ನಂಬಿ ಕಲಾವಿದರಿಗೆ ಮಾತು ಕೊಡಬೇಡಿ, ಮಳೆ ಬಂದ ದಿನ ಅದು ಖಾಲಿ. ವರ್ಷ ಶುರುವಾಗುವ ಮೊದಲೇ 12 ಮನೆಯವರು ಒಂದೊಂದು ತಿಂಗಳು ವಹಿಸಿಕೊಳ್ಳಲಿ. ಪಕ್ಕವಾದ್ಯದವರಿಗೂ ಮೊತ್ತವನ್ನು ಬೇರೆಯಾಗಿ, ಮುಂಚೆಯೇ ತಿಳಿಸಿ, ಅಂದೇ ಕೊಡಿ. ಕಾರಿನ ಖರ್ಚು ಪ್ರತ್ಯೇಕ. ವೀಣೆಯನ್ನು ಆಟೋದಲ್ಲಿ ತರಿಸಬೇಡಿ.

ಕಾಫಿ ಕಛೇರಿ ಮುಗಿದ ಮೇಲೆ. ನಡುವೆ ಸ್ಟೀಲ್ ಲೋಟದ ಸದ್ದು ಬಂದರೆ ಆಲಾಪನೆ ಕೆಟ್ಟಿತು.