ಹಾವಿಗೆ ಹಾಲೆರೆಯೋ ನಾವು, ಹಾವು ತುಳಿಯೋ ಮೇರಿ ಮಾತೆ

ಪ್ರಶ್ನೆ: ನಮ್ದು ಗೌರಿಬಿದನೂರು ಕಡೆ ಸರ್, ವಿದುರಾಶ್ವತ್ಥದ ನಾಗರಕಲ್ಲಿಗೆ ತನಿ ಎರೆದು ಬೆಳೆದವ್ರು. ಮೊನ್ನೆ ಮೊಬೈಲಲ್ಲಿ ಒಂದು ಹಳೇ ಇಟಲಿ ಪೇಂಟಿಂಗ್ ನೋಡ್ದೆ, ಮೇರಿ ಮಾತೆ ಬರಿಗಾಲಲ್ಲಿ ಹಾವಿನ ತಲೆ ತುಳೀತಿದಾರೆ, ಪಕ್ಕದಲ್ಲಿ ಒಬ್ರು ಅಜ್ಜಿ. ಮನಸ್ಸಿಗೆ ಕಸಿವಿಸಿ ಆಯ್ತು. ಅವ್ರಿಗೆ ಹಾವು ಅಂದ್ರೆ ಅಷ್ಟು ದ್ವೇಷಾನಾ?
- ಓದುಗರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ದ್ವೇಷ ಹಾವಿನ ಮೇಲಲ್ಲ. ನೀವು ಹೇಳಿದ ಗುರುತು ನೋಡಿದ್ರೆ ಅದು ಇಟಲಿಯ ಚಿತ್ರಕಾರ ಕರವಾಜ್ಜೊ 1605-06ರಲ್ಲಿ ಬರೆದ ಚಿತ್ರ, ಅಜ್ಜಿ ಅಂದ್ರಲ್ಲ, ಅವ್ರು ಮೇರಿಯ ತಾಯಿ ಅನ್ನಾ. ಅಲ್ಲಿರೋ ಹಾವು ಬೈಬಲ್ ಕಥೆಯ ಏದೆನ್ ತೋಟದಲ್ಲಿ ಮೊದಲ ಹೆಂಗಸು ಹವ್ವಳಿಗೆ ದೇವರು ಬೇಡ ಅಂದಿದ್ದ ಹಣ್ಣು ತಿನ್ನಿಸಿದ ಸೈತಾನ, ಅಂದ್ರೆ ಪಾಪ. ಇನ್ನೊಂದ್ಸಲ ಝೂಮ್ ಮಾಡಿ ಬರೀ ಪಾದಗಳನ್ನ ನೋಡಿ, ಹಾವಿನ ಮೇಲೆ ಮೇರಿ ಪಾದ, ಆ ಪಾದದ ಮೇಲೆ ಮಗು ಯೇಸುವಿನ ಪುಟ್ಟ ಪಾದ ಇದೆ. ಹಾವನ್ನ ತುಳಿಯೋದು ತಾಯಿನಾ ಮಗನಾ ಅಂತ ಆಗ ಕ್ರೈಸ್ತರ ಎರಡು ಪಂಗಡಗಳಾದ ಕ್ಯಾಥೊಲಿಕ್ಕರಿಗೂ ಪ್ರೊಟೆಸ್ಟೆಂಟರಿಗೂ ದೊಡ್ಡ ವಾದ ನಡೀತಿತ್ತು, ಕರವಾಜ್ಜೊ ಇಬ್ಬರ ಕಾಲನ್ನೂ ಒಂದರ ಮೇಲೊಂದು ಇಟ್ಟು ಉತ್ತರ ಹೇಳ್ಬಿಟ್ಟ, ನನಗಂತೂ ಆ ಚಿತ್ರದಲ್ಲಿ ಅದಕ್ಕಿಂತ ಚೆನ್ನಾಗಿರೋ ಜಾಗ ಇನ್ನೊಂದಿಲ್ಲ. ರೋಮಿನ ಸೇಂಟ್ ಪೀಟರ್ಸ್ ಚರ್ಚಿಗೆ ಅಂತ ಬರೆಸಿದ್ದು, ಸ್ವಲ್ಪ ದಿನಕ್ಕೇ ಅಲ್ಲಿಂದ ತೆಗೆದ್ರು, ಈಗ ಬೋರ್ಗೇಸೆ ಗ್ಯಾಲರಿಲಿದೆ.

ಆ ಕಾಲದ ಧಾರ್ಮಿಕ ಚಿತ್ರಗಳಲ್ಲಿ ಪ್ರಾಣಿ ಕಂಡ್ರೆ ಅದರ ಹಿಂದಿರೋ ಕಥೆ ಯಾವ್ದು ಅಂತ ಕೇಳ್ಕೋಬೇಕು. ಸ್ಪೇನಿನ ಝುರ್ಬರಾನ್ ಒಂದು ಕುರಿಮರಿ ಬರೆದಿದಾನೆ, ನಾಲ್ಕೂ ಕಾಲು ಸೇರಿಸಿ ಹಗ್ಗ ಕಟ್ಟಿ ಮಲಗಿಸಿರೋದು, ಹಿಂದೆಲ್ಲ ಕಪ್ಪು, ಉಣ್ಣೆಯ ಒಂದೊಂದು ಸುರುಳಿನೂ ಕೈಗೆ ಸಿಗೋ ಹಾಗಿದೆ. ಚಿತ್ರದಲ್ಲಿ ಬೇರೇನೂ ಇಲ್ಲ, ಆದ್ರೂ ಬೈಬಲ್ಲಲ್ಲಿ ಯೇಸುವನ್ನ ದೇವರ ಕುರಿಮರಿ ಅಂತ ಕರೆಯೋದ್ರಿಂದ ನೋಡಿದವ್ರಿಗೆ ಅದು ಬಲಿಯಾದ ಯೇಸು ಅಂತ ಗೊತ್ತಾಗ್ತಿತ್ತು.

ಕಥೆ ಬದಲಾದ್ರೆ ಹಾವಿನ ಅರ್ಥನೂ ಬದಲಾಗತ್ತೆ, ನಿಮ್ಮ ಕಸಿವಿಸಿಗೆ ನಿಜವಾದ ಉತ್ತರ ಇದೇ ಅನ್ಸತ್ತೆ. ಬೈಬಲ್ಲಲ್ಲೇ ಇನ್ನೊಂದು ಕಡೆ ಮರುಭೂಮಿಲಿ ಹಾವು ಕಚ್ಚಿ ಜನ ಸಾಯ್ತಿರ್ತಾರೆ, ದೇವರು ಹೇಳಿದ ಹಾಗೆ ಮೋಶೆ ಕಂಚಿನ ಹಾವು ಮಾಡಿ ಕಂಬದ ಮೇಲೆ ಎತ್ತಿ ನಿಲ್ಲಿಸ್ತಾನೆ, ಅದನ್ನ ನೋಡಿದವ್ರು ಬದುಕ್ತಾರೆ. ಬೈಬಲ್ಲಿನ ಯೋಹಾನನ ಸುವಾರ್ತೆಲಿ ಯೇಸು, ಶಿಲುಬೆಗೆ ಏರೋ ತನ್ನನ್ನೇ ಆ ಎತ್ತಿ ನಿಲ್ಲಿಸಿದ ಹಾವಿಗೆ ಹೋಲಿಸ್ಕೋತಾನೆ. ಚಿತ್ರಕಾರ ರೂಬೆನ್ಸ್ ಈ ಕಂಚಿನ ಹಾವಿನ ಕಥೆನ ದೊಡ್ಡದಾಗಿ ಬರೆದಿದಾನೆ, ಲಂಡನ್ನಿನ ನ್ಯಾಷನಲ್ ಗ್ಯಾಲರಿಲಿದೆ, ಹುಡುಕಿ ನೋಡಿ.